ಪ್ರಚಾರ ಒಗ್ಗದ ಮೇಷ್ಟ್ರು

ನಮ್ಮ ಚನ್ನಗಿರಿಯ ಕವಿ ಮೇಷ್ಟ್ರಿಗೆ ಪ್ರಚಾರ ಅಂದರೆ ಆಗದು. ಹಾಗಂತ ಅವರೇ ವಾರಕ್ಕೆರಡು ಸಲ ಫೇಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ಜೊತೆಗೆ ಹೊಸ ಸಂಕಲನದ ಮುಖಪುಟ, ಕೆಳಗೆ ‘ಹೀಗೇ ಸುಮ್ಮನೆ’ ಅಂತ ಒಕ್ಕಣೆ, ಫೇಸ್‌ಬುಕ್ ಬಿಡುವಷ್ಟೂ ಜನಕ್ಕೆ ಟ್ಯಾಗು. ಯಾರಾದರೂ ಕೇಳಿದರೆ, “ಅಯ್ಯೋ, ಕೈ ತಾಗಿ ಆಗಿಬಿಡ್ತು ಕಣಪ್ಪ.”

ಕೈ ತಾಗುವುದಕ್ಕೆ ಎಷ್ಟು ತಯಾರಿ ಬೇಕೆಂಬುದನ್ನು ನಾನು ಸೂಳೆಕೆರೆ ಏರಿಯ ಮೇಲೆ ಕಣ್ಣಾರೆ ಕಂಡಿದ್ದೇನೆ. ಮೇಷ್ಟ್ರು ಇಸ್ತ್ರಿ ಜುಬ್ಬಾ ತೊಟ್ಟು ನೀರಿನ ಕಡೆ ತಿರುಗಿ ನಿಂತಿದ್ದರು. ಪಕ್ಕದ ಕಲ್ಲಿನ ಮೇಲೆ ಪುಸ್ತಕ, ಮರೆತು ಬಿಟ್ಟ ಹಾಗೆ. ಬಿಸಿಲಿಗೆ ಹೆಸರು ಕಾಣುವುದಿಲ್ಲವೆಂದು ಅದನ್ನು ಆ ಕಡೆ ಈ ಕಡೆ ಓರೆ ಮಾಡಿಟ್ಟರು. ಗಾಳಿಗೆ ಹಾರದಿರಲೆಂದು ಒಳಗೆ ಬೈಕಿನ ಕೀ ಸಿಕ್ಕಿಸಿದರು. ಫೋನು ಹಿಡಿದಿದ್ದ ತಂಗಿ ಮಗ “ಮಾಮ, ಸ್ವಲ್ಪ ನಗು” ಅಂದ.

“ನಗಬಾರದು ಕಣೋ, ನಾನೀಗ ಚಿಂತನೆ ಮಾಡ್ತಿದೀನಿ.”

“ಕಾಣೋದು ಬೆನ್ನು ತಾನೆ, ಏನಾದ್ರೂ ಮಾಡ್ಕೊ.”

ಸಂಜೆ ಚಿತ್ರ ಬಂತು: ‘ಯಾರೋ ಅಪರಿಚಿತರು ಕ್ಲಿಕ್ಕಿಸಿದ್ದು. ನನಗೆ ಗೊತ್ತೇ ಇರಲಿಲ್ಲ.’

ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಈ ಬದಲಾವಣೆಯಿಂದ ಊರಿಗೆ ಏನು ಲಾಭವಾಯಿತೋ, ಮೇಷ್ಟ್ರಿಗಂತೂ ಎರಡು ಜಿಲ್ಲೆಯ ಸಾಹಿತ್ಯ ಗ್ರೂಪುಗಳು ದಕ್ಕಿವೆ. ಕವಿ ಎಚ್.ಎಸ್. ವೆಂಕಟೇಶಮೂರ್ತಿಯವರು ಹುಟ್ಟಿದ ಹೋದಿಗೆರೆ ನಮ್ಮ ತಾಲ್ಲೂಕೇ ಆದ್ದರಿಂದ ‘ನಾವಿಬ್ಬರೂ ಒಂದೇ ಮಣ್ಣಿನವರು’ ಎಂಬ ಸಾಲೂ ಸದಾ ತಯಾರು. 2025ರ ಮೇ ತಿಂಗಳಲ್ಲಿ ಎಚ್ಚೆಸ್ವಿ ತೀರಿಕೊಂಡಾಗ ಮೇಷ್ಟ್ರು ಹಾಕಿದ ಶ್ರದ್ಧಾಂಜಲಿ ಚಿತ್ರದಲ್ಲಿ ತಾವೇ ಮೈಕಿನ ಮುಂದೆ ಪೂರ್ತಿಯಾಗಿ ಇದ್ದರು. ದಿವಂಗತರದು ಒಂದು ಭುಜ ಕಾಣುತ್ತಿತ್ತು. ದುಃಖ ನಿಜವಾದದ್ದೇ. ಚಿತ್ರ ಆರಿಸುವ ಹೊತ್ತಿಗೆ ಸ್ವಲ್ಪ ತಿಳಿಯಾಗಿತ್ತು, ಅಷ್ಟೆ.

ಆದರೆ ಅವರ ಅಸಲು ಅಖಾಡ ಅಡಿಕೆ ಧಾರಣೆಯ ವಾಟ್ಸಾಪ್ ಗ್ರೂಪು. ಚನ್ನಗಿರಿ ಸೀಮೆಯಲ್ಲಿ ಕವಿತೆ ಓದದವರು ಬೇಕಾದಷ್ಟು ಸಿಗುತ್ತಾರೆ, ರಾಶಿ ರೇಟು ನೋಡದವರು ಸಿಗುವುದಿಲ್ಲ. ಧಾರಣೆಯ ಮೆಸೇಜು ಬಿದ್ದ ಮರುಗಳಿಗೆ ಮೇಷ್ಟ್ರ ಕವಿತೆ ಅದರ ಬಾಲಕ್ಕೆ ಬೀಳುತ್ತದೆ. ರೇಟು ಏರಿದ ದಿನ ಬರುವ ಹೆಬ್ಬೆರಳು, ಚಪ್ಪಾಳೆಗಳನ್ನೆಲ್ಲ ಅವರು ಕವಿತೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ. ಇಳಿದ ದಿನ ಯಾರೂ ಏನೂ ಹಾಕದಿದ್ದರೆ, “ಜನಕ್ಕೆ ಅಭಿರುಚಿ ಕಮ್ಮಿ ಆಗ್ತಿದೆ.”

ಸ್ಟೇಟಸ್ಸಿನ ವಿಷಯ ಇನ್ನೂ ಅಪಾಯ. ಯಾರು ಯಾವಾಗ ನೋಡಿದರೆಂಬ ಪಟ್ಟಿ ಮೇಷ್ಟ್ರಿಗೆ ಹಾಜರಿ ಪುಸ್ತಕ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನು ತಡೆದು, “ಬೆಳಿಗ್ಗೆ ಆರೂವರೆಗೇ ನೋಡಿದೀಯ, ಏನೂ ಹೇಳ್ಲಿಲ್ಲವಲ್ಲ?” ಅನ್ನುತ್ತಾರೆ. ವಿಮರ್ಶೆಯನ್ನು ಮಾತ್ರ ಬಾಯಿಬಿಟ್ಟು ಕೇಳುವವರಲ್ಲ. “ಬಿಡುವಿದ್ರೆ ನಾಲ್ಕು ಸಾಲು ಬರಿ. ತ್ರಾಸ ಆಗಬಾರದು ಅಂತ ನಾನೇ ಬರೆದು ಕಳಿಸಿದೀನಿ, ಹೆಸರು ಹಾಕ್ಕೊಂಡ್ರೆ ಸಾಕು.” ನನಗೆ ಬಂದ ಕರಡಿನಲ್ಲಿ ನಾನು ಅವರ ಕಾವ್ಯಕ್ಕೆ ‘ಮೂಕವಿಸ್ಮಿತ’ನಾಗಿದ್ದೆ. ಮೂಕನಾಗಿಯೇ ಉಳಿದೆ.

ಒಮ್ಮೆ ಕಾದಂಬರಿಕಾರ ಗಳಗನಾಥರ ಮಾತು ತೆಗೆದೆ. ಅವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಮಾರಲು ಬಂದವರು ಮಾರಲು ಬಂದ ಹಾಗೇ ಬಂದರು; ಯಾರ ಮನೆಯ ಜಗಲಿಯ ಮೇಲೂ ಪುಸ್ತಕ ಮರೆತು ಬಿಟ್ಟ ನಟನೆ ಮಾಡಲಿಲ್ಲ. ಮೇಷ್ಟ್ರು ಗಂಭೀರವಾಗಿ ಕೇಳಿ, “ಅವರಿಗೆ ನನ್ನಷ್ಟು ಸಂಕೋಚ ಇರ್ಲಿಲ್ಲ ಬಿಡು” ಅಂದರು.

ಅವರನ್ನೊಬ್ಬರನ್ನೇ ಅಂದು ಫಲವಿಲ್ಲ. ತಾಲ್ಲೂಕು ಊರುಗಳಲ್ಲಿ ಪುಸ್ತಕದಂಗಡಿ ಅಂದರೆ ನೋಟ್‌ಬುಕ್ಕು, ಗೈಡು. ಮೇಷ್ಟ್ರ ಮನೆ ಅಟ್ಟದ ಮೇಲೆ ರೇಟು ಬರಲೆಂದು ಕಾದಿರುವ ಅಡಿಕೆ ಮೂಟೆ, ಅದರ ಪಕ್ಕದಲ್ಲೇ ಪುಸ್ತಕದ ಕಟ್ಟು. ಅಡಿಕೆಯಾದರೂ ವರ್ಷಕ್ಕೊಮ್ಮೆ ಕೆಳಗಿಳಿಯುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿ ಕೂತವರ ಅಟ್ಟಗಳೆಲ್ಲ ಹೀಗೇ.

ಮೊನ್ನೆ ಅಡಿಕೆ ಗ್ರೂಪಿನಲ್ಲಿ ಯಾರೋ ಕಿಡಿಗೇಡಿ ಕೇಳಿಯೇಬಿಟ್ಟ: “ಮೇಷ್ಟ್ರೇ, ಪುಸ್ತಕ ಕ್ವಿಂಟಾಲಿಗೆ ಹೆಂಗೆ?”

ಮೇಷ್ಟ್ರು ಸಿಟ್ಟಾಗಲಿಲ್ಲ. ಲೆಕ್ಕ ಹಾಕಿದರು. ಒಂದು ಪ್ರತಿ 200 ಗ್ರಾಂ, ಬೆಲೆ 120 ರೂಪಾಯಿ. ಕ್ವಿಂಟಾಲಿಗೆ 500 ಪ್ರತಿ, 60,000 ರೂಪಾಯಿ. ರಾತ್ರಿ ಹನ್ನೊಂದಕ್ಕೆ ಉತ್ತರ ಹೋಯಿತು.

“ರಾಶಿ ರೇಟೇ ಆಯ್ತಲ್ರಿ! ತೇವಕ್ಕೆ ಎಷ್ಟು ಕಳೀತೀರಿ?”

ಈ ಎರಡನೇ ಪ್ರಶ್ನೆಯನ್ನು ಕತ್ತರಿಸಿ, ಮೊದಲನೆಯದರ ಚಿತ್ರವನ್ನಷ್ಟೇ ಮೇಷ್ಟ್ರು ಬೆಳಿಗ್ಗೆ ಎರಡು ಜಿಲ್ಲೆಗೂ ಹಂಚಿದರು: ‘ಅಡಿಕೆ ಬೆಳೆಗಾರರೊಬ್ಬರು ಸಗಟಾಗಿ ವಿಚಾರಿಸಿದ್ದಾರೆ. ಪ್ರತಿಗಳು ಕೆಲವೇ ಉಳಿದಿವೆ.’