ಬಲಕ್ಕೆ ವೈಪರ್, ಎಡಕ್ಕೆ ಇಂಡಿಕೇಟರ್, ನಡುವೆ ಚಾರ್ಮಾಡಿ

ಆಷಾಢದಲ್ಲಿ ಹೊಸ ವಾಹನ ಮನೆಗೆ ತರಬಾರದು ಎಂದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಮಳೆಯ ಲೆಕ್ಕ ಮಾತ್ರ ಅವನಿಗೆ ಬರುತ್ತಿರಲಿಲ್ಲ. ನಮ್ಮವರು ಆಷಾಢದ ಆಫರಿನಲ್ಲಿ ಕಾರು ಬುಕ್ ಮಾಡಿ, ಶ್ರಾವಣದಲ್ಲಿ ಡೆಲಿವರಿ ತಗೊಳ್ಳುತ್ತಾರೆ. ತಿಂಗಳು ಬದಲಾಯಿತೆಂದು ಮಳೆ ನಿಲ್ಲುತ್ತದೆಯೇ? ವರಮಹಾಲಕ್ಷ್ಮಿ ಹಬ್ಬದ ದಿನ ಶೋರೂಮಿನ ಮುಂದೆ ಜಾತ್ರೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೊಂದು ಹಾರ, ಕೈಗೆ ಎರಡಡಿ ಉದ್ದದ ರಟ್ಟಿನ ಬೀಗದ ಕೈ, ಒಂದು ಫೋಟೋ. ಮೊದಲ ಪ್ರಯಾಣ ಎಲ್ಲಿಗೆ? ಧರ್ಮಸ್ಥಳಕ್ಕೆ, ಅಲ್ಲಿಂದ ಕುಕ್ಕೆಗೆ. ಬೆಂಗಳೂರಿನವರಾದರೆ ಶಿರಾಡಿ ಘಟ್ಟವನ್ನೋ ಚಾರ್ಮಾಡಿ ಘಟ್ಟವನ್ನೋ ಇಳಿಯಲೇಬೇಕು. ದೇವರ ನೆನಪು ದೇವಸ್ಥಾನ ತಲುಪಿದ ಮೇಲೆ ಬರಲಿ ಎಂದು ಕಾಯುವ ಅಗತ್ಯವೇ ಇಲ್ಲ. ಎರಡನೇ ತಿರುವಿನಲ್ಲೇ ಹಿಂದಿನ ಸೀಟಿನಿಂದ ಸಹಸ್ರನಾಮ ಶುರುವಾಗುತ್ತದೆ.

ಕಾರು ಕೊಡುವ ಹುಡುಗ ಪಾಠ ಹೇಳಿಕೊಡುವುದಿಲ್ಲ ಎಂದರೆ ತಪ್ಪಾದೀತು. ಹೇಳಿಕೊಡುತ್ತಾನೆ. ಮೊಬೈಲ್ ಜೋಡಿಸುವುದು ಹೇಗೆ, ಬಾಗಿಲಂಚಿನ ದೀಪ ನೇರಳೆಯಿಂದ ಹಸಿರಾಗುವುದು ಹೇಗೆ, ಸೀಟಿಗೆ ಗಾಳಿ ಬರುವುದು ಹೇಗೆ, ಎಲ್ಲ. ಮುಂದಿನ ಗಾಜಿನ ಮಂಜು ತೆಗೆಯುವ ಗುಂಡಿ ಎಲ್ಲಿದೆ ಎಂದು ಇವರು ಕೇಳುವುದಿಲ್ಲ, ಅವನು ಹೇಳುವುದಿಲ್ಲ. ಅದನ್ನು ಕೊಟ್ಟಿಗೆಹಾರ ದಾಟಿದ ಮೇಲೆ, ಎದುರಿನ ರಸ್ತೆ ಬೆಳ್ಳಗಾದಾಗ, ನಾಲ್ಕು ಜನರ ಎಂಟು ಕೈಗಳು ಸೇರಿ ಹುಡುಕುತ್ತವೆ.

ನಮ್ಮ ಭಾವನ ಕಥೆ ಇನ್ನೂ ಸ್ವಾರಸ್ಯ. ಅವರು ಲೈಸೆನ್ಸ್ ಕೈಗೆ ಬಂದ ದಿನದಿಂದ ಮಾರುತಿ ಓಡಿಸಿದವರು. ಈಗ ಬಡ್ತಿ ಬಂತು, ಜರ್ಮನ್ ಕಾರು ಬಂತು. ಮಾರುತಿ, ಹ್ಯುಂಡೈ, ಹೋಂಡಾ, ಟೊಯೊಟಾಗಳಲ್ಲಿ ಇಂಡಿಕೇಟರಿನ ಲಿವರ್ ಬಲಗೈಗೆ, ವೈಪರಿನದು ಎಡಗೈಗೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ತಿರುವುಮುರುವು. ಇದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕೆ, ಗೇರು ಎಡಗೈಗೆ. ಆದ್ದರಿಂದ ಇಂಡಿಕೇಟರ್ ಬಲಗೈಗಿದ್ದರೆ ಕೆಲಸ ಹಂಚಿಹೋಗುತ್ತದೆ. ಜರ್ಮನಿಯಲ್ಲಿ ಗೇರು ಬಲಗೈಗೆ, ಹಾಗಾಗಿ ಇಂಡಿಕೇಟರ್ ಎಡಕ್ಕೆ. ಆ ಕಾರು ನಮ್ಮೂರಿಗೆ ಬರುವಾಗ ಸ್ಟಿಯರಿಂಗು ಬಲಕ್ಕೆ ಬಂತು, ಲಿವರುಗಳು ಇದ್ದಲ್ಲೇ ಉಳಿದವು. ಪರಿಣಾಮ? ಭಾವ ಎಡಕ್ಕೆ ತಿರುಗಬೇಕಾದಾಗ ಗಾಜು ಒರೆಸುತ್ತಾರೆ, ಮಳೆ ಜೋರಾದಾಗ ಇಂಡಿಕೇಟರ್ ಹಾಕುತ್ತಾರೆ. ಹಿಂದೆ ಬರುವ ಬಸ್ಸಿನ ಡ್ರೈವರಿಗೆ ಈ ಮನುಷ್ಯ ಕಣಿವೆಗೆ ತಿರುಗುತ್ತಾನೋ ಗುಡ್ಡ ಹತ್ತುತ್ತಾನೋ ತಿಳಿಯದೆ ತಲೆ ಕೆಟ್ಟಿರುತ್ತದೆ. “ರೀ, ಎಡಗೈ ಅಲ್ಲ, ಬಲಗೈ!” ಎಂದು ಅಕ್ಕ ಕೂಗಿದರೆ, “ನನಗೆ ಗೊತ್ತು ಕಣೇ, ಕೈಗೆ ಗೊತ್ತಿಲ್ಲ” ಎನ್ನುತ್ತಾರೆ ಭಾವ. ಬಾಡಿಗೆ ಮನೆ ಬದಲಿಸಿದವರು ನಡುರಾತ್ರಿ ಎದ್ದು, ಹಳೆಯ ಮನೆಯ ಗೋಡೆಯಲ್ಲಿದ್ದ ಸ್ವಿಚ್ಚನ್ನು ಹೊಸ ಗೋಡೆಯ ಮೇಲೆ ತಡಕಿದಂತೆ.

ಗಾಜಿನ ಮಂಜಿನದ್ದೂ ಒಂದು ತಮಾಷೆಯೇ. ಕಾರೊಳಗೆ ಐದು ಜನ, ಒದ್ದೆ ಕೊಡೆ, ಒದ್ದೆ ಚಪ್ಪಲಿ, ಬಿಸಿ ಉಸಿರು. ಆ ತೇವವೆಲ್ಲ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ. “ಚಳಿಯಾಗುತ್ತೆ, ಎಸಿ ಆರಿಸು” ಎನ್ನುತ್ತಾರೆ ಅಮ್ಮ. ಆರಿಸಿದ ಕೂಡಲೇ ಗಾಜು ಇನ್ನಷ್ಟು ಮಬ್ಬು, ಏಕೆಂದರೆ ಗಾಳಿಯ ತೇವ ಹೀರುತ್ತಿದ್ದದ್ದೇ ಎಸಿ. ಎಸಿ ಹಾಕಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಆರಿಸಿ, ಹೊರಗಾಳಿ ಬಿಟ್ಟುಕೊಂಡು, ಗಾಜಿನತ್ತ ತಿರುಗಿಸಿದರೆ ಕೆಲಸ ಮುಗಿಯಿತು. ಚಳಿಯಾದರೆ ಉಷ್ಣತೆ ಏರಿಸಿಕೊಳ್ಳಿ, ಎಸಿ ಓಡುತ್ತಿರಲಿ. ಆದರೆ ಘಟ್ಟ ಇಳಿದು ಉಜಿರೆಯ ಸೆಕೆಗೆ ಬಂದರೆ ಕಥೆ ತಲೆಕೆಳಗು. ತಣ್ಣನೆಯ ಗಾಳಿ ಬಡಿದು ಬಡಿದು ಗಾಜು ತಂಪಾಗಿ, ಈಗ ಮಂಜು ಹೊರಮೈಯಲ್ಲಿ! ಒಳಗಿನಿಂದ ಎಷ್ಟು ಉಜ್ಜಿದರೂ ಹೋಗದು. ಬೆರಳಾಡಿಸಿದರೆ ಗೆರೆ ಮೂಡದಿದ್ದರೆ ಅದು ಹೊರಗಿನ ಮಂಜು. ವೈಪರ್ ಹಾಕಿ, ಗಾಜಿಗೆ ಬಡಿಯುವ ತಂಪು ತಗ್ಗಿಸಬೇಕು. ವೈಪರ್ ಯಾವ ಕೈಗೆ ಎಂದು ಭಾವನನ್ನು ಮಾತ್ರ ಕೇಳಬೇಡಿ.

ವೈಪರಿಗೆ 1903ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಾಕೆ ಅಲಬಾಮಾದ ಮೇರಿ ಆಂಡರ್ಸನ್. ಒಳಗೊಂದು ಹಿಡಿ, ಎಳೆದರೆ ಹೊರಗೆ ರಬ್ಬರಿನ ಪಟ್ಟಿ ಗಾಜು ಸವರುತ್ತಿತ್ತು. ಕಣ್ಣು ರಸ್ತೆಯ ಮೇಲೆ, ಕೈ ಹಿಡಿಯ ಮೇಲೆ. ಅಲ್ಲಿಂದ ಪ್ರಗತಿ ಎಲ್ಲಿಗೆ ಬಂತು ನೋಡಿ. ಜರ್ಮನಿಯಲ್ಲಿ ಟೆಸ್ಲಾ ಓಡಿಸುತ್ತಿದ್ದವರೊಬ್ಬರು ಜೋರು ಮಳೆಯಲ್ಲಿ ವೈಪರಿನ ವೇಗ ಬದಲಿಸಲು ಟಚ್‌ಸ್ಕ್ರೀನ್ ಒತ್ತುತ್ತಾ ರಸ್ತೆ ಬಿಟ್ಟು ಮರಕ್ಕೆ ಗುದ್ದಿದರು. ಕಾರಿನ ಪರದೆಯನ್ನು ನೋಡುತ್ತಾ ಒತ್ತುವುದೂ ಮೊಬೈಲ್ ಒತ್ತುವುದೂ ಕಾನೂನಿಗೆ ಒಂದೇ ಎಂದು ಕಾರ್ಲ್ಸ್‌ರೂಹೆಯ ಉಚ್ಚ ನ್ಯಾಯಾಲಯ 2020ರಲ್ಲಿ ಹೇಳಿ, 200 ಯೂರೋ ದಂಡ ಮತ್ತು ಒಂದು ತಿಂಗಳ ಚಾಲನಾ ನಿಷೇಧವನ್ನು ಎತ್ತಿಹಿಡಿಯಿತು. 2022ರಲ್ಲಿ ಸ್ವೀಡನ್ನಿನ ಕಾರು ಪತ್ರಿಕೆಯೊಂದು ಗಂಟೆಗೆ 110 ಕಿ.ಮೀ. ವೇಗದಲ್ಲಿ ಪರೀಕ್ಷೆ ಮಾಡಿತು. ರೇಡಿಯೊ, ಹೀಟರಿನಂಥ ನಾಲ್ಕು ಕೆಲಸ ಮುಗಿಸಲು 2005ರ ಹಳೆಯ ವೋಲ್ವೋದ ಗುಂಡಿಗಳಿಗೆ 10 ಸೆಕೆಂಡು ಸಾಕಾಯಿತು. ಹೊಸ ಪರದೆಯ ಕಾರೊಂದಕ್ಕೆ 44 ಸೆಕೆಂಡಿಗೂ ಹೆಚ್ಚು ಬೇಕಾಯಿತು, ಅಷ್ಟರಲ್ಲಿ ಅದು ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ದೂರ ಓಡಿತ್ತು. ಚಾರ್ಮಾಡಿಯಲ್ಲಿ ಅಷ್ಟು ದೂರಕ್ಕೆ ಎಷ್ಟು ತಿರುವು ಬರುತ್ತವೆಂದು ಹಿಂದಿನ ಸೀಟಿನವರನ್ನು ಕೇಳಿ. ಕೊನೆಗೆ ಕಾರುಗಳ ಸುರಕ್ಷತೆ ಅಳೆಯುವ ಯುರೋ ಎನ್‌ಕ್ಯಾಪ್ ಸಂಸ್ಥೆಯೇ ಮಧ್ಯೆ ಬಂತು: 2026ರಿಂದ ಸುರಕ್ಷತೆಯ ಪೂರ್ಣ ಅಂಕ ಬೇಕಿದ್ದರೆ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯದ ದೀಪಗಳಿಗೆ ಕೈಗೆ ಸಿಗುವ ಗುಂಡಿಯೋ ಲಿವರೋ ಇರಬೇಕಂತೆ. ನಮ್ಮ ಅಂಬಾಸಡರ್ ಕಾರುಗಳು ಆ ಅಂಕವನ್ನು ಹುಟ್ಟುವಾಗಲೇ ಗಳಿಸಿದ್ದವು. ಉಳಿದ ಅಂಕಗಳ ಮಾತು ಬೇಡ.

ಜಾಣ ಕಾರುಗಳ ಮಾತೇ ಬೇರೆ. ಮಾತಾಡಿದರೆ ಸನ್‌ರೂಫ್ ತೆರೆದುಕೊಳ್ಳುತ್ತದೆ. ಅದು ಕಾರು ಕೊಂಡವರಿಗಿಂತ ಮೊದಲು ಅವರ ಎರಡನೇ ಕ್ಲಾಸಿನ ಮಗನಿಗೆ ಗೊತ್ತಾಗುತ್ತದೆ. ಆಗುಂಬೆಯ ಮಳೆಯಲ್ಲಿ ಸನ್‌ರೂಫ್ ತೆರೆಸಿದ ಮಗನನ್ನು ಬೈಯುವುದೋ, ಹೇಳಿದ ಮಾತು ಕೇಳಿದ ಕಾರನ್ನು ಬೈಯುವುದೋ? ಮನೆಯಲ್ಲಿ ಮಾತು ಕೇಳುವ ವಸ್ತು ಇರುವುದು ಅದೊಂದೇ. ಇನ್ನು ಎಬಿಎಸ್. 2019ರ ಏಪ್ರಿಲ್‌ನಿಂದ ನಮ್ಮ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಪೆಡಲು ಕಾಲಿಗೆ ಗಡಗಡ ಅಂದರೆ ಚಕ್ರ ಜಾರದಂತೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಒತ್ತಿ ಹಿಡಿಯಬೇಕು. ನಮ್ಮವರು “ಅಯ್ಯೋ, ಹೊಸ ಕಾರಿನದೇನೋ ಮುರಿಯಿತು” ಎಂದು ಕಾಲು ತೆಗೆದುಬಿಡುತ್ತಾರೆ. ಕಾರಿಗೆ ನೋವಾಗದಂತೆ ನೋಡಿಕೊಳ್ಳುವ ಇಂಥ ಕರುಣೆ ಎದುರಿನ ಕಾರಿನವನಿಗೆ ಅರ್ಥವಾಗುವುದಿಲ್ಲ.

ಆದರೆ ಒಂದು ಗುಂಡಿ ಎಲ್ಲರಿಗೂ ಕೂಡಲೇ ಸಿಗುತ್ತದೆ, ಕೆಂಪು ತ್ರಿಕೋನದ್ದು. ನಾಲ್ಕು ಹನಿ ಬಿದ್ದರೆ ಸಾಕು, ನಾಲ್ಕೂ ದೀಪ ಮಿನುಗಿಸಿಕೊಂಡು ದಿಬ್ಬಣದಂತೆ ಹೊರಡುತ್ತಾರೆ. ಅದು ಕೆಟ್ಟು ನಿಂತ ಕಾರಿನ ದೀಪ. ಓಡುವ ಕಾರಿನಲ್ಲಿ ಅದನ್ನು ಹಾಕಿದರೆ ನೀವು ಎತ್ತ ತಿರುಗುತ್ತೀರಿ ಎಂದು ಹಿಂದಿನವನಿಗೆ ತಿಳಿಯದು. ಮಂಜಿಗೆ ಹೈಬೀಮ್ ಹಾಕುವುದೂ ಅದೇ ಜಾತಿಯ ಧೈರ್ಯ. ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಲೋಬೀಮ್ ಸಾಕು, ವೇಗ ಇನ್ನೂ ಕಡಿಮೆ ಸಾಕು.

ಹಾಗಾಗಿ ಹೊಸ ಕಾರಿನವರಿಗೆ ನನ್ನದೊಂದು ಪುಕ್ಕಟೆ ಸಲಹೆ. ಘಟ್ಟಕ್ಕೆ ಹೊರಡುವ ಮೊದಲು, ಮನೆ ಮುಂದೆ ನಿಂತ ಕಾರಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳಿ. ಪಕ್ಕದ ಸೀಟಿನಿಂದ ಮನೆಯವರು ಪರೀಕ್ಷೆ ತಗೊಳ್ಳಲಿ: “ವೈಪರ್? ಲೈಟ್? ಗಾಜಿನ ಮಂಜು?” ಕೈ ತಾನಾಗಿ ಹೋಗುವವರೆಗೆ ಪಾಸು ಮಾಡಬಾರದು. ಅಕ್ಕಪಕ್ಕದವರು ಕಿಟಕಿಯಿಂದ ನೋಡಿ ನಕ್ಕರೆ ನಗಲಿ. ಹಾರ್ನ್ ಎಲ್ಲಿದೆ ಎಂದು ಮಾತ್ರ ಕೇಳಬೇಕಾಗಿಲ್ಲ, ಆ ವಿದ್ಯೆಯಲ್ಲಿ ನಾವೆಲ್ಲ ಹುಟ್ಟುತ್ತಲೇ ರ‍್ಯಾಂಕ್ ಬಂದವರು.