ಕೋಲನ್ ರಾಯರು

ಸಾಫ್ಟ್‌ವೇರ್ ಆಫೀಸು ಅಂದಮೇಲೆ ಇಂಥವರೊಬ್ಬರು ಇದ್ದೇ ಇರುತ್ತಾರೆ. ಪ್ರೋಗ್ರಾಂ ಓಡಿತೋ ಬಿತ್ತೋ ಆಮೇಲಿನ ಮಾತು; ವೇರಿಯಬಲ್ಲಿನ ಟೈಪು ಹೆಸರಿಗೆ ಮುಂಚೆ ಬಂತೋ ಆಮೇಲೆ ಬಂತೋ ಅನ್ನುವುದೇ ಅವರಿಗೆ ಜೀವನ್ಮರಣದ ಪ್ರಶ್ನೆ. ನಮಗೆ ಗಂಟುಬಿದ್ದವರಿಗೆ ಬೆನ್ನ ಹಿಂದೆ ಕೋಲನ್ ರಾಯರು ಅಂತ ಹೆಸರು. ಮೊದಲು ಹೆಸರು, ಕೋಲನ್, ಆಮೇಲೆ ಟೈಪು: ಪ್ಯಾಸ್ಕಲ್‌ನಲ್ಲಿ ನಿಕ್ಲಾಸ್ ವಿರ್ತ್ ಹಾಕಿಕೊಟ್ಟ ಈ ಕ್ರಮ ತಪ್ಪಿದರೆ ಅಪಚಾರ. ಟೈಪನ್ನು ಹಿಂದಿಟ್ಟೂ ಕೋಲನ್ ಕೈಬಿಟ್ಟ ಗೋ ಭಾಷೆಯ ಮೇಲೂ ಅರೆಮುನಿಸು.

ಪರಮಶತ್ರು ಮಾತ್ರ ಸಿ. ಹೊಸ ಹುಡುಗನೊಬ್ಬ 'ಇಂಟ್ ಸ್ಟಾರ್ ಪಿ, ಕ್ಯೂ' ಎಂದು ಒಂದೇ ಸಾಲಿನಲ್ಲಿ ಬರೆದು, ಎರಡೂ ಪಾಯಿಂಟರ್ ಅಂದುಕೊಂಡ. ರಾಯರು ಊಟದ ಡಬ್ಬಿ ಮುಚ್ಚಿ ಎದ್ದರು.

"ಪಿ ಪಾಯಿಂಟರ್ರು ತಮ್ಮಾ, ಕ್ಯೂ ಬರೀ ಇಂಟು. ಸ್ಟಾರು ಕೂತಿರೋದು ಇಂಟ್ ಪಕ್ಕ, ಸಂಸಾರ ಪಿ ಜೊತೆ!"

ಅಷ್ಟಕ್ಕೇ ಬಿಟ್ಟರೆ ರಾಯರೇ? ಸಿಗ್ನಲ್ ಫಂಕ್ಷನ್ನಿನ ಡಿಕ್ಲರೇಶನ್ನನ್ನು ಬೋರ್ಡಿಗೆ ಹಾಕಿ, ನಡುವಿನಿಂದ ಹೊರಟು ಬಲಕ್ಕೊಮ್ಮೆ ಎಡಕ್ಕೊಮ್ಮೆ ಓದಿಸಿದರು. ಹುಡುಗನ ಅನ್ನ ಆರಿತು. ಬಳಸುವ ಹಾಗೆಯೇ ಘೋಷಿಸಬೇಕು ಅನ್ನುವುದು ಡೆನಿಸ್ ರಿಚಿಯ ಯೋಚನೆ. ಅದರಲ್ಲೂ ಒಂದು ಚೆಲುವಿದೆ ಎಂದು ನಾನು ಬಾಯಿಬಿಟ್ಟೆ. ನನ್ನ ಸಂಜೆಯೂ ಹೋಯಿತು.

"ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅನ್ನಲ್ವಾ ಸಾರ್? ಊರು ಮೊದಲು, ಹೆಸರು ಆಮೇಲೆ. ಅದು ಸಿ."

"ದತ್ತಾತ್ರೇಯ ರಾಮಚಂದ್ರ ಬೇಂದ್ರೆ! ಹೆಸರು ಮೊದಲು, ಅಪ್ಪ ಆಮೇಲೆ, ಮನೆತನ ಕೊನೆಗೆ. ಧಾರವಾಡದವರು ಪ್ಯಾಸ್ಕಲ್ ಸ್ವಾಮಿ!"

ಮೈಸೂರು ಸೀಮೆಯವನಾದ ನನಗೆ ಉತ್ತರ ತೋಚಲಿಲ್ಲ.

ರಸ್ಟ್, ಕಾಟ್ಲಿನ್, ಟೈಪ್‌ಸ್ಕ್ರಿಪ್ಟ್ ಎಲ್ಲವೂ ಕೋಲನ್ ಇಟ್ಟುಕೊಂಡೇ ಬಂದವು. ಸಿ ಪ್ಲಸ್ ಪ್ಲಸ್ ಕೂಡ 2011ರಲ್ಲಿ, ಮುಂದೆ ಆಟೋ ಎಂದು ಬರೆದು ರಿಟರ್ನ್ ಟೈಪನ್ನು ಬಾಣದ ಹಿಂದೆ ಇಡುವುದಕ್ಕೆ ಒಪ್ಪಿತು. ಆವತ್ತಿನ ಕಾಫಿ ದುಡ್ಡು ರಾಯರೇ ಕೊಟ್ಟರಂತೆ. ನಾನು ನಂಬುವುದಿಲ್ಲ.

ಈಚೆಗೆ ಮಾತ್ರ ಅವರು ಸಪ್ಪಗಿದ್ದಾರೆ. 2018ರಲ್ಲಿ ಜಾವಾ 'ವಾರ್' ತಂದ ಮೇಲೆ ಹುಡುಗರು ಟೈಪು ಬರೆಯುವುದನ್ನೇ ಬಿಡತೊಡಗಿದರು. ಅದನ್ನು ಕಂಪೈಲರೇ ಊಹಿಸಿಕೊಳ್ಳುತ್ತದೆ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಜಗಳಕ್ಕೆ ಬರುವವರೇ ಇಲ್ಲದ ಮೇಲೆ ಗೆದ್ದು ಏನು ಸುಖ? ನನಗೂ ಯಾಕೋ ಬೇಜಾರಾಗಿ, ಬೇಕೆಂದೇ ಅವರ ಮುಂದೆ ವಾರ್ ಹೊಗಳಿದೆ.

ರಾಯರು ಕುರ್ಚಿ ಎಳೆದುಕೊಂಡರು. "ಅದೆಲ್ಲ ಫಂಕ್ಷನ್ ಒಳಗೆ. ಪ್ಯಾರಾಮೀಟರ್‌ಗೆ ಟೈಪ್ ಬರೀಲೇಬೇಕಲ್ಲ, ಎಲ್ಲಿ ಬರೀತೀರಾ? ಹೇಳಿ, ಹೇಳಿ."