ಪಿನ್ ಪೈಲ್ವಾನ

ದೊಡವಾಡದ ಸುತ್ತ ಯಾವ ಊರಿಗೆ ಹೋದರೂ ಇವನು ಸಿಗುತ್ತಾನೆ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿರುತ್ತಾನೆ. ಕೈಗಳು ಮಾತ್ರ ಮೈಗೆ ತಾಗುವುದಿಲ್ಲ, ಎರಡೂ ಕಂಕುಳಲ್ಲಿ ಒಂದೊಂದು ಕುಂಬಳಕಾಯಿ ಇರುಕಿಕೊಂಡವರ ಹಾಗೆ. ಹಾಕಿದ ಟೀ ಶರ್ಟು ತಮ್ಮನದು. ಬೈಲಹೊಂಗಲದ ಜಿಮ್ಮಿಗೆ ಸೇರಿ ಮೂರು ತಿಂಗಳು. ಊರು ಇಟ್ಟ ಹೆಸರು ಪಿನ್ ಪೈಲ್ವಾನ.

ಹೆಸರು ಸುಮ್ಮನೆ ಬಂದದ್ದಲ್ಲ. ಜಿಮ್ಮಿನ ಮಷೀನಿನಲ್ಲಿ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಯಾವ ತೂತಿಗೆ ಪಿನ್ನು ಚುಚ್ಚಿದಿರೋ ಅಷ್ಟು ಭಾರ. ಕೆಳಗೆ ಹೋದಷ್ಟೂ ಹೆಚ್ಚು. ನಮ್ಮ ಪೈಲ್ವಾನ ಆಟ ಮುಗಿಸಿ ಏಳುವಾಗ ಪಿನ್ನನ್ನು ಎರಡು ತೂತು ಕೆಳಗಿಳಿಸಿ ಏಳುತ್ತಾನೆ. ಹಿಂದೆ ಬಂದವನು ನೋಡಿ ದಂಗಾಗಬೇಕು.

"ಕಾಕಾ, ನಿನ್ನೆ 80 ಕಿಲೋ ಎಳದೇನ್ರಿ!"

ಪಟ್ಟಿಯ ಮೇಲೆ 80 ಅಂತ ಬರೆದದ್ದು ಖರೆ. ಆದರೆ ಬಾವಿಯ ರಾಟಿ ಬೇರೆ, ಜಿಮ್ಮಿನ ರಾಟಿ ಬೇರೆ. ಬಾವಿಯದು ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ. ಕೆಲವು ಮಷೀನುಗಳಲ್ಲಿ ಭಾರದ ಜೊತೆಗೇ ಏರುವ ಇನ್ನೊಂದು ಗಾಲಿ ಇರುತ್ತದೆ. ಅಲ್ಲಿ 80ರಲ್ಲಿ ಕೈಗೆ ಬರುವುದು 40. ಉಳಿದ 40ನ್ನು ಎಳೆದದ್ದು ಪೈಲ್ವಾನನ ನಾಲಿಗೆ.

ಕಾಕಾ ಹಳೆಯ ಗರಡಿಮನೆಯ ಆಳು. ದಂಡ, ಬೈಠಕ್, ಗುಂಡುಕಲ್ಲು, ಮೇಲೊಂದು ಚರಿಗೆ ಹಾಲು. ಅವನ ವ್ಯಾಯಾಮಶಾಸ್ತ್ರ ಅಲ್ಲಿಗೆ ಮುಗಿಯಿತು. ಇದೇ ತಾಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣ ಸಾಮು ಮಾಡುತ್ತಿದ್ದನೆಂದು ಹೇಳುವ ಕಟ್ಟಿಗೆಯ ಭಾರವನ್ನು ಇವತ್ತಿಗೂ ತೋರಿಸುತ್ತಾರೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರುವ ತನಕ ಕಂಪನಿ ಸರಕಾರದ ನಿದ್ದೆ ಕೆಡಿಸಿದವನು ಅವನು. ಕಾಕಾ ಮೀಸೆಯಡಿಯೇ ಕೇಳುತ್ತಾನೆ: "ರಾಯಣ್ಣ ಪಿನ್ನ ಎಲ್ಲೆ ಚುಚ್ಚತಿದ್ದಾ ತಮ್ಮಾ?"

ಒಮ್ಮೆ ಗೊಬ್ಬರದಂಗಡಿಯ ಮುಂದೆ ಪರೀಕ್ಷೆಯೇ ಆಗಿಹೋಯಿತು. ಪೈಲ್ವಾನ ಯೂರಿಯಾ ಚೀಲಕ್ಕೆ ಕೈ ಹಾಕಿದ. ಚೀಲಕ್ಕೆ ಹಿಡಿಕೆ ಇಲ್ಲ, ಬೆನ್ನಿಗೆ ಸೀಟಿಲ್ಲ. ಎಡಕ್ಕೆ ಎತ್ತಿದರೆ ಕಾಳೆಲ್ಲ ಬಲಕ್ಕೆ ಸರಿಯಿತು. ಬಲಕ್ಕೆ ಬಾಗಿದರೆ ಚೀಲ ಹೊಟ್ಟೆಯ ಮೇಲೆ ಮಲಗಿತು. ಮಷೀನು ಹಳಿಯ ಮೇಲಿನ ರೈಲು, ದಾರಿ ಅದರದ್ದೇ, ನೂಕಿದರೆ ಸಾಕು. ಚೀಲ ಹಾಗಲ್ಲ, ಸಂತೆಯಲ್ಲಿ ಹಗ್ಗ ಹರಿದುಕೊಂಡ ಹೋರಿ. ಸೊಂಟ, ಹೊಟ್ಟೆ, ಹಿಮ್ಮಡಿ ಎಲ್ಲ ಕೂಡಿ ಹಿಡಿಯಬೇಕು. ಮೂರನೇ ಸಲಕ್ಕೆ ಅಂತೂ ಚೀಲ ಹೆಗಲೇರಿತು.

"ನೋಡ್ರಿ ಕಾಕಾ! ಸಾಲಿ ಬಿಟ್ಟ ವರ್ಷ ಇದನ್ನ ಅಳ್ಳಾಡಸಾಕೂ ಆಗಿದ್ದಿಲ್ಲ!"

"ಅವಾಗ 50 ಕಿಲೋ ಇತ್ತೋ. 2018ರಾಗ ಸರಕಾರ 45 ಮಾಡೇತಿ. ನಿನ್ನ ರಟ್ಟಿ ಬೆಳದಿಲ್ಲ ತಮ್ಮಾ, ಚೀಲ ಸೊರಗೇತಿ."

ಹಾಗಂತ ಮಷೀನನ್ನು ಬೈದು ಉಪಯೋಗವಿಲ್ಲ. ಮಾಂಸಖಂಡ ಬೆಳೆಸುವುದರಲ್ಲಿ ಡಂಬೆಲ್ಲಿಗೂ ಮಷೀನಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಯಾವುದನ್ನು ಎತ್ತಿ ಪಳಗಿದಿರೋ ಅದನ್ನು ಎತ್ತುವ ಬಲ ಹೆಚ್ಚು ಬರುತ್ತದೆ, ಅಷ್ಟೆ. ಹೊಸಬರಿಗೆ, ಕೀಲು ನೋವಿನವರಿಗೆ ಮಷೀನೇ ಆಸರೆ: ಸೋತರೆ ಭಾರ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ, ನಿಮ್ಮ ಎದೆಯ ಮೇಲಲ್ಲ. ಇದನ್ನು ಕಾಕಾನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಹೇಳಿದ್ದು ಅವನ ಮೊಣಕಾಲು, ಆಮೇಲೆ ಡಾಕ್ಟರು.

ಹೋದ ತಿಂಗಳು ಒಂದು ನಸುಕಿನಲ್ಲಿ ಅದೇ ಜಿಮ್ಮಿನೊಳಗೆ ಇಣುಕಿದೆ. ಕಾಲಿನ ಮಷೀನಿನ ಮೇಲೆ ಧೋತರದ ಕಚ್ಚೆ ಬಿಗಿದು ಕಾಕಾ ಕೂತಿದ್ದ. ಪಿನ್ನು ಎಲ್ಲಕ್ಕಿಂತ ಮೇಲಿನ ತೂತಿನಲ್ಲಿತ್ತು. ಪೈಲ್ವಾನ ಪಕ್ಕದಲ್ಲಿ ನಿಂತು ಭಕ್ತಿಯಿಂದ ಎಣಿಸುತ್ತಿದ್ದ: "ಎಂಟು... ಒಂಬತ್ತು... ಹತ್ತಾತ್ರಿ ಕಾಕಾ, ಸಾಕು." ಅವನು ನೀರು ತರಲು ಆಚೆ ಹೋದ.

ಕಾಕಾ ನಿಧಾನಕ್ಕೆ ಎದ್ದ. ಬಾಗಿಲ ಕಡೆ ಒಮ್ಮೆ ನೋಡಿದ. ಪಿನ್ನು ಕಿತ್ತು ಎರಡು ತೂತು ಕೆಳಗೆ ಚುಚ್ಚಿದ.